ಗಣಕಯಂತ್ರ ಏಳದಿದ್ದಾಗ



ವಚನಗಳ ಅರ್ಥವಿವೇಚನೆಗೂ ಆಚಾರವಿಚಾರಗಳ ಚರ್ಚೆಗೂ ಮೀಸಲಾದ ಈ ಪುಟದಲ್ಲಿ ಗಣಕಯಂತ್ರದ ರಿಪೇರಿಯ ಮಾತೇಕೆ ಎಂದು ತಾವು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಇಂದು ನಮ್ಮ ಮನೆಗಳ ಲೆಕ್ಕಪತ್ರ, ಮಕ್ಕಳ ಪಾಠ, ಮದುವೆ ಮುಂಜಿಗಳ ಭಾವಚಿತ್ರ, ಮಠದ ದಾಸೋಹದ ಪಟ್ಟಿ, ಹಿರಿಯರು ಬರೆದಿಟ್ಟ ವಂಶಾವಳಿ ಎಲ್ಲವೂ ಆ ಪೆಟ್ಟಿಗೆಯೊಳಗೆ ಸೇರಿಕೊಂಡಿವೆ. ಅದು ಒಂದು ಮುಂಜಾನೆ ಏಳದೆ ಹೋದರೆ ಮನೆಯವರೆಲ್ಲ ದಿಕ್ಕೆಟ್ಟು ನಿಲ್ಲುತ್ತಾರೆ. ಆ ಗಾಬರಿಯಲ್ಲಿ ಮಾಡುವ ಕೆಲಸವೇ ಬಹಳ ಸಲ ಯಂತ್ರದ ದೋಷಕ್ಕಿಂತ ದೊಡ್ಡ ಹಾನಿಯನ್ನು ತರುತ್ತದೆ. ಈಚೆಗೆ ನಮಗೇ ಆದ ಅನುಭವವೊಂದನ್ನು ತಮ್ಮ ಮುಂದಿಡುವುದು ಉಪಯುಕ್ತವೆಂದು ತಿಳಿದು ಬರೆಯುತ್ತಿದ್ದೇವೆ.

ಬೇಸಿಗೆಯಲ್ಲಿ ನಾವು ಶ್ರೀಶೈಲದ ದರ್ಶನ ಮುಗಿಸಿ, ಮಗಳ ಮನೆಯಲ್ಲಿ ಕೆಲವು ದಿನ ಇದ್ದು, ಒಂದೂವರೆ ತಿಂಗಳ ಮೇಲೆ ಊರಿಗೆ ಮರಳಿದೆವು. ಹೋಗುವಾಗ ಸಿಡಿಲು ಮಳೆಯ ಭಯದಿಂದ ಗಣಕದ ವೈರನ್ನು ಗೋಡೆಯಿಂದ ಕಳಚಿಟ್ಟಿದ್ದೆವು. ಬಂದ ಮರುದಿನ ಪೂಜೆ ಪ್ರಸಾದಗಳು ಮುಗಿದ ಮೇಲೆ ಗುಂಡಿ ಒತ್ತಿದರೆ ದೀಪ ಹತ್ತಿತು, ಪಂಖ ತಿರುಗಿತು, ತಯಾರಕರ ಲಾಂಛನವೂ ಕಂಡಿತು. ಅನಂತರ ಪರದೆ ಕಪ್ಪಾಗಿ, ಯಂತ್ರವನ್ನು ಎಬ್ಬಿಸಬಲ್ಲ ಡಿಸ್ಕ್ ಯಾವುದೂ ಇಲ್ಲವೆಂಬ ಒಂದು ಇಂಗ್ಲಿಷ್ ಸಾಲು ಮಾತ್ರ ನಿಂತಿತು. ನಾಲ್ಕು ಸಲ ಪ್ರಯತ್ನಿಸಿದೆವು, ನಾಲ್ಕು ಸಲವೂ ಅದೇ ಸಾಲು.

ಆ ಯಂತ್ರದೊಳಗೆ ಇದ್ದದ್ದು ನಮ್ಮ ಹನ್ನೊಂದು ವರ್ಷಗಳ ಕೆಲಸ. ಬೇರೆ ಬೇರೆ ಮನೆಗಳಲ್ಲಿ, ಮಠಗಳಲ್ಲಿ ನೋಡಿದ ತಾಳೆಗರಿ ಕಟ್ಟುಗಳ ಪಾಠಾಂತರಗಳನ್ನು ನಾವೇ ಬೆರಳಚ್ಚು ಮಾಡಿಟ್ಟಿದ್ದೆವು. ಆ ಕಟ್ಟುಗಳಲ್ಲಿ ಕೆಲವು ಈಗ ಹುಳುತಿಂದು ಹೋಗಿವೆ. ಕೆಲವು ಮನೆಗಳಲ್ಲಿ ಹಿರಿಯರು ಲಿಂಗೈಕ್ಯರಾದ ಮೇಲೆ ಕಟ್ಟುಗಳು ಎಲ್ಲಿಗೆ ಹೋದವೋ ಹೇಳುವವರಿಲ್ಲ. ಮತ್ತೆ ಹೋಗಿ ನಕಲು ಮಾಡಿಕೊಳ್ಳುತ್ತೇವೆಂದರೆ ಮೂಲವೇ ಇಲ್ಲ.

ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗ ಧೈರ್ಯ ಹೇಳಿದ. “ಅಜ್ಜಾ, ಚಿಂತಿ ಮಾಡಬ್ಯಾಡ. ಫಾರ್ಮ್ಯಾಟ್ ಹೊಡದು ವಿಂಡೋಸ್ ಹೊಸದಾಗಿ ಹಾಕಿಬಿಡ್ತೀನಿ, ಅರ್ಧಾ ತಾಸಿನ ಕೆಲಸ” ಎಂದು ಪೆನ್‌ಡ್ರೈವ್ ಕೈಯಲ್ಲಿ ಹಿಡಿದೇ ಬಂದ. ನಮಗೆ ಒಪ್ಪಿಗೆಯಾಗಲಿಲ್ಲ. ಪೇಟೆಯ ಅಂಗಡಿಯೊಂದಕ್ಕೆ ಒಯ್ದೆವು. ಅವರು ಹತ್ತು ನಿಮಿಷ ನೋಡಿ, “ಡಿಸ್ಕ್ ಹೋಗೇದ್ರಿ ಗುರುಗಳ. ಹೊಸದು ಹಾಕೂಣು, ಒಳಗಿದ್ದದ್ದು ಸಿಗೂದಿಲ್ರಿ” ಎಂದರು. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಮರುದಿನ ಹೊಸ ಡಿಸ್ಕ್ ಹಾಕಿಸಿಬಿಡೋಣವೆಂಬ ಮನಸ್ಸೂ ಬಂದಿತ್ತು.

ನಮ್ಮ ಓಣಿಯ ಶಾಲಾ ಶಿಕ್ಷಕಿಯೊಬ್ಬರ ಮಗಳು ಡಿಪ್ಲೊಮಾ ಓದಿ, ಗಣಕಗಳ ರಿಪೇರಿಯನ್ನೇ ಕಾಯಕ ಮಾಡಿಕೊಂಡಿದ್ದಾಳೆ. ಸುದ್ದಿ ತಿಳಿದು ತಾನಾಗಿಯೇ ಬಂದಳು. ಯಂತ್ರವನ್ನು ಮುಟ್ಟುವ ಮೊದಲು ಆಕೆ ಕೇಳಿದ್ದು ಒಂದೇ ಪ್ರಶ್ನೆ: “ಅಜ್ಜಾರ, ಇದರೊಳಗ ಇದ್ದದ್ದರದು ಇನ್ನೊಂದು ಪ್ರತಿ ಎಲ್ಲಾದರೂ ಅದ ಏನ್ರಿ?”

ಇರಲಿಲ್ಲ. ತಲೆ ತಗ್ಗಿಸಿದೆವು.

ಆಕೆ ಯಂತ್ರವನ್ನು ಎಬ್ಬಿಸಲು ಹೋಗಲಿಲ್ಲ. ವೈರು ಕಳಚಿ, ಪೆಟ್ಟಿಗೆಯ ಬದಿ ತೆಗೆದು, ಡಿಸ್ಕನ್ನು ಮೆಲ್ಲನೆ ಹೊರತೆಗೆದಳು. ಒಂದು ಯುಎಸ್‌ಬಿ ಕೊಂಡಿಯಿಂದ ಅದನ್ನು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿದಳು. ಪರದೆಯ ಮೇಲೆ ನಮ್ಮ ಕಡತಗಳ ಹೆಸರುಗಳು ಒಂದೊಂದಾಗಿ ಕಂಡಾಗ ಕಣ್ಣು ತುಂಬಿ ಬಂದವು. ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ನಕಲು ಮಾಡಲು ಸುಮಾರು ನಾಲ್ಕು ತಾಸು ಹಿಡಿಯಿತು. ನಕಲು ಮುಗಿದು, ನಾಲ್ಕಾರು ಕಡತಗಳನ್ನು ತೆರೆದು ಪರೀಕ್ಷಿಸಿದ ಮೇಲೆಯೇ ಆಕೆ ರಿಪೇರಿಗೆ ಕೈಹಾಕಿದಳು.

ಡಿಸ್ಕ್ ಸರಿಯಿದೆ ಎಂದ ಮೇಲೆ ದೋಷ ಎಲ್ಲಿ? ಡಿಸ್ಕನ್ನು ಮರಳಿ ಕೂಡಿಸಿ, ಯಂತ್ರದ ಮೂಲ ವ್ಯವಸ್ಥೆಯ ಪುಟವನ್ನು ತೆರೆದು ನೋಡಿದಳು. ಅಲ್ಲಿನ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿ ನಿಂತಿತ್ತು. ಮುಖ್ಯ ಫಲಕದ ಮೇಲೆ ರೂಪಾಯಿ ನಾಣ್ಯದಂಥ ಒಂದು ಚಿಕ್ಕ ಬ್ಯಾಟರಿ ಇರುತ್ತದೆ. ಸಿಆರ್ 2032 ಎಂಬುದು ಅದರ ಗುರುತು, ಶಕ್ತಿ 3 ವೋಲ್ಟ್, ಅಗಲ 20 ಮಿಲಿಮೀಟರ್. ವಿದ್ಯುತ್ ಇಲ್ಲದಾಗ ಗಡಿಯಾರವನ್ನು ನಡೆಸುವುದು ಅದರ ಕೆಲಸ. ನಮ್ಮದರಂಥ ಹಳೆಯ ಯಂತ್ರಗಳಲ್ಲಿ ಡಿಸ್ಕನ್ನು ಯಾವ ಕ್ರಮದಲ್ಲಿ, ಯಾವ ವಿಧಾನದಲ್ಲಿ ಕರೆಯಬೇಕೆಂಬ ನೆನಪನ್ನು ಕಾಯುವುದೂ ಅದೇ. ವೈರು ಕಳಚಿದ್ದ ಒಂದೂವರೆ ತಿಂಗಳಲ್ಲಿ ಆ ಮುದಿ ಬ್ಯಾಟರಿ ಪೂರ್ತಿ ಬತ್ತಿಹೋಗಿತ್ತು. ಯಂತ್ರ ತನ್ನ ಹುಟ್ಟಿನ ವ್ಯವಸ್ಥೆಗೆ ಮರಳಿತ್ತು. ಆ ವ್ಯವಸ್ಥೆಯು ಯುಇಎಫ್‌ಐ ಎಂಬ ಹೊಸ ವಿಧಾನದಲ್ಲಿ ಮಾತ್ರ ಡಿಸ್ಕನ್ನು ಹುಡುಕುತ್ತಿತ್ತು, ನಮ್ಮ ವಿಂಡೋಸ್ ಹಳೆಯ ವಿಧಾನದಲ್ಲಿ ಹಾಕಿದ್ದಾಗಿತ್ತು. ಡಿಸ್ಕ್ ಮನೆಯೊಳಗೇ ಇತ್ತು, ಕರೆಯುವವನಿಗೆ ಅದರ ಹೆಸರು ಮರೆತುಹೋಗಿತ್ತು. ಹೊಸ ಬ್ಯಾಟರಿ ಹಾಕಿ, ದಿನಾಂಕ ತಿದ್ದಿ, ಹಳೆಯ ವಿಧಾನವನ್ನು ಆರಿಸಿದೊಡನೆ ಯಂತ್ರ ಎಂದಿನಂತೆ ಎದ್ದಿತು. ಬ್ಯಾಟರಿಗೆ ಆದ ಖರ್ಚು ನಲವತ್ತು ರೂಪಾಯಿ.

ಅಂಗಡಿಯವರ ಮೇಲೆ ನಮಗೆ ಸಿಟ್ಟಿಲ್ಲ. ದಿನಕ್ಕೆ ಇಪ್ಪತ್ತು ಯಂತ್ರ ನೋಡುವವರಿಗೆ ಅವಸರ ಸಹಜ. ಆದರೆ ಅವರು ಹೇಳಿದ ನಿರ್ಣಯವನ್ನು ನಾವು ನಂಬಿದ್ದರೆ, ಅಥವಾ ಮೊಮ್ಮಗನ ಅರ್ಧ ತಾಸಿನ ಕೆಲಸಕ್ಕೆ ಒಪ್ಪಿದ್ದರೆ, ನಲವತ್ತು ರೂಪಾಯಿಯ ದೋಷಕ್ಕೆ ಹನ್ನೊಂದು ವರ್ಷಗಳನ್ನು ತೆತ್ತಂತಾಗುತ್ತಿತ್ತು. ಯಂತ್ರ ಏಳದಿರುವುದು ಬೇರೆ, ಒಳಗಿನದು ನಾಶವಾಗುವುದು ಬೇರೆ. ಈ ಎರಡನ್ನೂ ಒಂದೆಂದು ತಿಳಿಯುವಲ್ಲಿಯೇ ಅನರ್ಥವೆಲ್ಲ ಹುಟ್ಟುತ್ತದೆ.

ಇದಕ್ಕೆ ಜಗತ್ತೇ ಕಂಡ ಉದಾಹರಣೆಯೊಂದಿದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳುಹಿಸಿದ ದೋಷಯುಕ್ತ ನವೀಕರಣವೊಂದರಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ಏಳದೆ ಕುಳಿತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿಯೂ ಅಂದು ಬೋರ್ಡಿಂಗ್ ಪಾಸುಗಳನ್ನು ಕೈಯಿಂದ ಬರೆದುಕೊಟ್ಟರು. ಆ ಯಂತ್ರಗಳ ಡಿಸ್ಕುಗಳು ಕೆಟ್ಟಿರಲಿಲ್ಲ, ದಾಖಲೆಗಳು ಅಳಿದಿರಲಿಲ್ಲ. ಸೇಫ್ ಮೋಡ್ ಎಂಬ ಸರಳ ಸ್ಥಿತಿಯಲ್ಲಿ ಯಂತ್ರವನ್ನು ಎಬ್ಬಿಸಿ ಆ ದೋಷದ ಕಡತವನ್ನು ಅಳಿಸಿದರೆ ಸಾಕಾಗಿತ್ತು.

ಗಣಕ ಏಳುವ ಬಗೆಯನ್ನು ಸ್ವಲ್ಪ ತಿಳಿದುಕೊಂಡರೆ ಅರ್ಧ ಭಯ ಹೋಗುತ್ತದೆ. ಅದು ಒಮ್ಮೆಲೇ ಏಳುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏಳುತ್ತದೆ. ಮೊದಲು ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೆಟ್ಟಿಗೆ ಶಕ್ತಿ ಕೊಡುತ್ತದೆ. ಆಗ ಮುಖ್ಯ ಫಲಕದ ಚಿಪ್ಪಿನಲ್ಲಿರುವ ಬಯೋಸ್ ಅಥವಾ ಯುಇಎಫ್‌ಐ ಎಂಬ ಚಿಕ್ಕ ಕ್ರಮವಿಧಿ ಎಚ್ಚರಗೊಂಡು ಮೆಮೊರಿ, ಕೀಲಿಮಣೆ, ಪರದೆಗಳನ್ನು ತಾನೇ ಪರೀಕ್ಷಿಸುತ್ತದೆ. ಪರೀಕ್ಷೆ ಮುಗಿದ ಮೇಲೆ ಡಿಸ್ಕನ್ನು ಹುಡುಕಿ, ಅದರಲ್ಲಿರುವ ಎಬ್ಬಿಸುವ ಕ್ರಮವಿಧಿಗೆ ಅಧಿಕಾರ ಒಪ್ಪಿಸುತ್ತದೆ. ಅದು ವಿಂಡೋಸನ್ನು ಕರೆಯುತ್ತದೆ. ವಿಂಡೋಸ್ ಕೊನೆಗೆ ನಮ್ಮ ಹೆಸರು, ಗುಪ್ತಪದಗಳನ್ನು ಕೇಳುತ್ತದೆ. ಒಬ್ಬರಿಂದೊಬ್ಬರಿಗೆ ಕೈಬದಲಾಗುತ್ತ ಹೋಗುವ ಈ ಪರಂಪರೆಯಲ್ಲಿ ಯಾವ ಮೆಟ್ಟಿಲಿನಲ್ಲಿ ನಿಂತಿತು ಎಂಬುದನ್ನು ಗುರುತಿಸುವುದೇ ರಿಪೇರಿಯ ಅರ್ಧ ಭಾಗ.

ಮೊದಲ ಮೆಟ್ಟಿಲು. ಗುಂಡಿ ಒತ್ತಿದರೂ ದೀಪವಿಲ್ಲ, ಪಂಖದ ಸದ್ದಿಲ್ಲ ಎಂದರೆ ದೋಷ ವಿದ್ಯುತ್ತಿನದು. ಗೋಡೆಯ ಸಾಕೆಟ್, ಎಕ್ಸ್‌ಟೆನ್ಷನ್ ಬೋರ್ಡ್, ಯುಪಿಎಸ್, ಪೆಟ್ಟಿಗೆಯ ಹಿಂದಿನ ಸ್ವಿಚ್ಚು, ಸಡಿಲಾದ ವೈರು ಇವುಗಳನ್ನು ಒಂದೊಂದಾಗಿ ನೋಡಬೇಕು. ಎಲ್ಲವೂ ಸರಿಯಿದ್ದರೆ ವೈರು ಕಳಚಿ, ಗುಂಡಿಯನ್ನು ಇಪ್ಪತ್ತು ಸೆಕೆಂಡು ಒತ್ತಿ ಹಿಡಿದು, ಮತ್ತೆ ಜೋಡಿಸಿ ನೋಡಬೇಕು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಬಿಚ್ಚಲೇಬಾರದು. ವೈರು ತೆಗೆದ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಎರಡನೆಯ ಮೆಟ್ಟಿಲು. ಪಂಖ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಮೊದಲು ಪರದೆಯ ವೈರನ್ನೇ ನೋಡಿರಿ. ಅದು ಸರಿಯಿದ್ದು ಯಂತ್ರ ಬೀಪ್ ಬೀಪ್ ಎಂದು ಕೂಗುತ್ತಿದ್ದರೆ ಅದು ತನ್ನ ನೋವನ್ನು ಹೇಳುತ್ತಿದೆ ಎಂದು ತಿಳಿಯಬೇಕು. ಎಷ್ಟು ಕೂಗಿಗೆ ಏನರ್ಥ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ. ಬಹಳ ಸಲ ಸಡಿಲಾದ ಅಥವಾ ಮಾಸಿದ ಮೆಮೊರಿ ಪಟ್ಟಿಯೇ ಕಾರಣವಾಗಿರುತ್ತದೆ. ವೈರು ಕಳಚಿ, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಪಟ್ಟಿಯನ್ನು ಹೊರತೆಗೆದು, ಅದರ ಹೊಂಬಣ್ಣದ ಅಂಚನ್ನು ಮೃದುವಾದ ರಬ್ಬರಿನಿಂದ ಮೆಲ್ಲನೆ ಒರೆಸಿ ಮರಳಿ ಕೂಡಿಸಿದರೆ ಯಂತ್ರ ಏಳುವುದುಂಟು. ಲ್ಯಾಪ್‌ಟಾಪುಗಳಲ್ಲಿ ಈ ಕೆಲಸವನ್ನು ತಿಳಿದವರಿಗೇ ಬಿಡುವುದು ಒಳಿತು. ಇನ್ನೊಂದು ಮಾತು. ಗಣಕವನ್ನು ಪೂಜೆಯ ಜಗಲಿಯ ಬಳಿ ಇಡಬೇಡಿರಿ. ವಿಭೂತಿಯ ಪುಡಿಯೂ ಲೋಬಾನದ ಹೊಗೆಯೂ ಪಂಖದಲ್ಲಿ ಸೇರಿ ದಪ್ಪಗೆ ಕಟ್ಟಿಕೊಳ್ಳುತ್ತವೆ. ಆಯುಧಪೂಜೆಯಂದು ಯಂತ್ರಕ್ಕೂ ವಿಭೂತಿ ಹಚ್ಚುವವರು ಗಾಳಿಯ ಕಿಂಡಿಗಳನ್ನು ಬಿಟ್ಟು ಹಚ್ಚಿರಿ.

ಮೂರನೆಯ ಮೆಟ್ಟಿಲು. ಲಾಂಛನ ಕಾಣುತ್ತದೆ, ಆಮೇಲೆ ಡಿಸ್ಕ್ ಇಲ್ಲವೆಂಬ ಸಾಲು ಬರುತ್ತದೆ. ನಮಗೆ ಆದದ್ದು ಇದು. ಪೆನ್‌ಡ್ರೈವ್ ಒಂದು ಹಾಗೆಯೇ ಸಿಕ್ಕಿಸಿದ್ದರೂ ಯಂತ್ರ ಅದರಿಂದಲೇ ಏಳಲು ಹವಣಿಸಿ ನಿಲ್ಲಬಹುದು. ಹೊರಗಿನ ಸಾಧನಗಳನ್ನೆಲ್ಲ ತೆಗೆದು ಒಮ್ಮೆ ನೋಡಿರಿ. ದಿನಾಂಕ ಹಿಂದೆ ಹೋಗಿದೆಯೇ, ಮೂಲ ವ್ಯವಸ್ಥೆಯ ಪುಟದಲ್ಲಿ ಡಿಸ್ಕಿನ ಹೆಸರು ಕಾಣುತ್ತದೆಯೇ ಪರೀಕ್ಷಿಸಿರಿ. ಹೆಸರು ಕಂಡರೆ ಆಸೆ ದೊಡ್ಡದು. ಆದರೆ ಹಳೆಯ ಬಗೆಯ ಡಿಸ್ಕಿನೊಳಗಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಆ ಕ್ಷಣವೇ ಆರಿಸಿಬಿಡಬೇಕು. ಮತ್ತೆ ಮತ್ತೆ ಗುಂಡಿ ಒತ್ತಿದಷ್ಟೂ ಉಳಿದ ಅಕ್ಷರಗಳೂ ಕೆರೆದುಹೋಗುತ್ತವೆ. ಅಂಥ ಡಿಸ್ಕನ್ನು ದತ್ತಾಂಶ ಹೊರತೆಗೆಯುವ ಪರಿಣತರ ಕೈಗೇ ಕೊಡಬೇಕು.

ನಾಲ್ಕನೆಯ ಮೆಟ್ಟಿಲು. ವಿಂಡೋಸ್ ಆರಂಭವಾಗುತ್ತದೆ, ಮಧ್ಯದಲ್ಲಿ ನೀಲಿ ಪರದೆ ಬರುತ್ತದೆ ಅಥವಾ ತಿರುತಿರುಗಿ ಮೊದಲಿಗೇ ಹೋಗುತ್ತದೆ. ವಿಂಡೋಸ್ 10 ಮತ್ತು 11ರಲ್ಲಿ, ಆರಂಭವಾಗುತ್ತಿದ್ದಂತೆಯೇ ಗುಂಡಿ ಒತ್ತಿ ಹಿಡಿದು ಎರಡು ಸಲ ನಿಲ್ಲಿಸಿದರೆ ಮೂರನೆಯ ಸಲ ರಿಪೇರಿಯ ಪುಟ ತಾನಾಗಿ ತೆರೆಯುತ್ತದೆ. ಅಲ್ಲಿ ಸ್ಟಾರ್ಟಪ್ ರಿಪೇರ್, ಈಚಿನ ನವೀಕರಣವನ್ನು ತೆಗೆದುಹಾಕುವುದು, ಸೇಫ್ ಮೋಡ್ ಎಂಬ ದಾರಿಗಳಿವೆ. ಇವು ನಿಮ್ಮ ಕಡತಗಳನ್ನು ಅಳಿಸುವುದಿಲ್ಲ. ಅದೇ ಪುಟದಲ್ಲಿ ರೀಸೆಟ್ ಎಂಬುದೂ ಇದೆ. ಅದನ್ನು ಒತ್ತುವ ಬೆರಳು ನಡುಗಬೇಕು. ಕಡತಗಳನ್ನು ಉಳಿಸು ಎಂದು ಆರಿಸಿದರೂ ಹಾಕಿಸಿಕೊಂಡ ತಂತ್ರಾಂಶಗಳೆಲ್ಲ ಹೋಗುತ್ತವೆ. ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದವರಿಗೆ ಕಡತ ಉಳಿದರೂ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಅದನ್ನು ಕಂಡು ಎಲ್ಲ ಕೆಟ್ಟಿತೆಂದು ಅಳಿಸಬೇಡಿರಿ. ಆ ಅಕ್ಷರವಿನ್ಯಾಸವನ್ನು ಮತ್ತೆ ಹಾಕಿದರೆ ಕನ್ನಡ ಮರಳುತ್ತದೆ. ಬಿಡುವಿದ್ದಾಗ ಅವನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿ ಇಡುವುದು ಇನ್ನೂ ಒಳ್ಳೆಯದು.

ಎಲ್ಲವನ್ನೂ ತೆಗೆದುಹಾಕು ಎಂಬ ಆಯ್ಕೆಯ ಮಾತನ್ನು ಹೇಳಲು ನಮಗೆ ಸಂಕಟವಾಗುತ್ತದೆ. ನಮಗೆ ಪರಿಚಿತವಾದ ಭಕ್ತರ ಮನೆಯೊಂದರಲ್ಲಿ ಲಿಂಗೈಕ್ಯರಾದ ತಂದೆಯವರು ಪ್ರತಿ ಸೋಮವಾರ ಹಾಡುತ್ತಿದ್ದ ವಚನಗಳ ಧ್ವನಿಮುದ್ರಣ ಗಣಕದಲ್ಲಿತ್ತು. ಯಂತ್ರ ಏಳಲಿಲ್ಲ, ಮಗ ಅವಸರದಲ್ಲಿ ಆ ಆಯ್ಕೆಯನ್ನು ಒತ್ತಿದ. ಯಂತ್ರ ಚೆನ್ನಾಗಿ ಎದ್ದಿತು. ಆದರೆ ತಂದೆಯ ದನಿ ಮತ್ತೆ ಕೇಳಲಿಲ್ಲ. ಇಂದಿನ ಎಸ್‌ಎಸ್‌ಡಿ ಡಿಸ್ಕುಗಳಲ್ಲಿ ಒಮ್ಮೆ ಅಳಿಸಿದ್ದನ್ನು ಮರಳಿ ಪಡೆಯುವುದು ಬಹುತೇಕ ಅಸಾಧ್ಯ. ಆ ತಾಯಿಯವರು ಮಗನನ್ನು ಒಂದು ಮಾತೂ ಅನ್ನಲಿಲ್ಲವಂತೆ. ಈ ಲೇಖನವನ್ನು ಬರೆಯಲು ನಮ್ಮ ಅನುಭವಕ್ಕಿಂತ ಹೆಚ್ಚಾಗಿ ಆ ಮೌನವೇ ಕಾರಣ.

ಆದುದರಿಂದ ನಿಯಮ ಒಂದೇ: ಮೊದಲು ನಕಲು, ಆಮೇಲೆ ರಿಪೇರಿ. ಡಿಸ್ಕನ್ನು ಬಿಚ್ಚಲು ಬಾರದವರಿಗೂ ಒಂದು ಉಪಾಯವುಂಟು. ಬೇರೊಂದು ಗಣಕದಲ್ಲಿ, 16 ಜಿಬಿಯ ಪೆನ್‌ಡ್ರೈವಿನ ಮೇಲೆ ಉಬುಂಟುವಿನಂಥ ಲಿನಕ್ಸ್ ವ್ಯವಸ್ಥೆಯನ್ನು ಸಿದ್ಧಪಡಿಸಿಕೊಂಡು, ಕೆಟ್ಟ ಯಂತ್ರವನ್ನು ಅದರಿಂದ ಎಬ್ಬಿಸಬಹುದು. ಇನ್‌ಸ್ಟಾಲ್ ಎಂಬುದನ್ನು ಒತ್ತದೆ, ಪ್ರಯೋಗಿಸಿ ನೋಡುವ ದಾರಿಯನ್ನು ಮಾತ್ರ ಹಿಡಿದರೆ ಒಳಗಿನ ಡಿಸ್ಕಿನ ಮೇಲೆ ಅದು ಏನನ್ನೂ ಬರೆಯುವುದಿಲ್ಲ. ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಬಹುದು.

ಹೊಸ ಯಂತ್ರಗಳಿರುವ ಮನೆಯವರು ಇನ್ನೊಂದನ್ನು ಗಮನಿಸಬೇಕು. ವಿಂಡೋಸ್ 11ರ ಅನೇಕ ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಯಲ್ಲಿ ಬೀಗ ಹಾಕಿಕೊಂಡಿರುತ್ತದೆ. ರಿಪೇರಿಯ ವೇಳೆ ಅದು 48 ಅಂಕಿಗಳ ಬಿಟ್‌ಲಾಕರ್ ಕೀಲಿಯನ್ನು ಕೇಳಬಹುದು. ಆ ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಯಂತ್ರ ಸರಿಯಿರುವಾಗಲೇ ಅದನ್ನು ಹುಡುಕಿ, ಕಾಗದದ ಮೇಲೆ ಬರೆದು, ಮನೆಯ ಪತ್ರಗಳೊಡನೆ ಇಡಿರಿ. ಕೀಲಿ ಕಳೆದುಹೋದರೆ ಡಿಸ್ಕ್ ಸುಸ್ಥಿತಿಯಲ್ಲಿದ್ದರೂ ಒಳಗಿನದು ಯಾರ ಕೈಗೂ ಸಿಗುವುದಿಲ್ಲ. ಹಾಗೆಯೇ, 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಅದರಿಂದ ಭದ್ರತೆಯ ಚಿಂತೆ ಉಂಟು, ನಿಜ. ಆದರೆ ಅದೇ ಕಾರಣಕ್ಕೆ ನಿಮ್ಮ ಯಂತ್ರ ಏಳುತ್ತಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ನಾವು ಮಠದಲ್ಲಿ ಓದುತ್ತಿದ್ದಾಗ ಗುರುಗಳು ತಾಳೆಗರಿಯ ಕಟ್ಟನ್ನು ಕೈಗೆ ಕೊಡುವ ಮೊದಲು ಒಂದು ಮಾತು ಹೇಳುತ್ತಿದ್ದರು: “ಅಂಟಿದ ಗರಿಯನ್ನು ಎಳೆಯಬೇಡ. ಎಳೆದರೆ ಗರಿ ಬರುತ್ತದೆ, ಅಕ್ಷರ ಹೋಗುತ್ತದೆ.” ಅಂಥ ಗರಿಗಳಿಗೆ ಎಣ್ಣೆ ಸವರಿ, ದಿನಗಟ್ಟಲೆ ಕಾದು, ತಾನಾಗಿ ಬಿಡಿಸಿಕೊಳ್ಳುವಂತೆ ಮಾಡುತ್ತಿದ್ದೆವು. ಬಿಡಿಸಿದ ಮೇಲೆ ಮೊದಲ ಕೆಲಸ ನಕಲು. ಇದನ್ನು ಶಿಷ್ಯರಿಗೆ ನಲವತ್ತು ವರ್ಷ ಹೇಳಿಕೊಟ್ಟ ನಾವೇ, ಯಂತ್ರ ಬಂದೊಡನೆ ಮರೆತೆವು. ಯಂತ್ರ ನೆನಪಿಟ್ಟುಕೊಳ್ಳುತ್ತದೆ, ನಮಗೆ ಚಿಂತೆಯಿಲ್ಲ ಎಂದು ತಿಳಿದೆವು. ಯಂತ್ರದ ನೆನಪೂ ಒಂದು ನಾಣ್ಯದಷ್ಟು ಬ್ಯಾಟರಿಯ ಮೇಲೆ ನಿಂತಿತ್ತು.

ಕಲ್ಯಾಣದ ವಿಪ್ಲವದ ಕಾಲದಲ್ಲಿ ಶರಣರು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರೆಂಬುದು ನಮ್ಮ ಪರಂಪರೆಯ ನಂಬಿಕೆ. ಆ ಬಳಿಕ ಶತಮಾನಗಳುದ್ದಕ್ಕೂ ಊರೂರಿನ ಮಠಗಳಲ್ಲಿ, ಮನೆಗಳಲ್ಲಿ ಹೆಸರಿಲ್ಲದ ಲಿಪಿಕಾರರು ಅವನ್ನು ನಕಲು ಮಾಡುತ್ತ ಬಂದರು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಆ ಗರಿಗಳನ್ನು ಹುಡುಕಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಲು ಸಾಧ್ಯವಾದದ್ದು ಪ್ರತಿಗಳು ಹಲವು ಕಡೆ ಉಳಿದಿದ್ದುದರಿಂದ. ಒಂದೇ ಮನೆಯಲ್ಲಿ ಒಂದೇ ಪ್ರತಿ ಇದ್ದಿದ್ದರೆ ಒಂದು ಬೆಂಕಿ, ಒಂದು ಗೆದ್ದಲಿನ ಹುತ್ತ ಸಾಕಿತ್ತು.

ಈಗ ನಮ್ಮ ಕೆಲಸದ ಮೂರು ಪ್ರತಿಗಳಿವೆ. ಒಂದು ಗಣಕದಲ್ಲಿ, ಒಂದು ಕಪಾಟಿನ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಮಗಳ ಮನೆಯಲ್ಲಿ. ಪ್ರತಿ ಅಮಾವಾಸ್ಯೆಯಂದು ಹೊಸದನ್ನು ಸೇರಿಸುವ ಹೊಣೆಯನ್ನು ಮೊಮ್ಮಗ ವಹಿಸಿಕೊಂಡಿದ್ದಾನೆ. ಆ ದಿನ ಆತ ನಕಲು ನಡೆಯುವ ನಾಲ್ಕು ತಾಸೂ ಆ ಹುಡುಗಿಯ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ನೋಡಿ ಕಲಿತ. ಆಕೆಗೆ ಹಣ ಕೊಡಲು ಹೋದಾಗ ಬ್ಯಾಟರಿಯ ನಲವತ್ತು ರೂಪಾಯಿಯೊಡನೆ ತನ್ನ ಒಂದು ದಿನದ ದುಡಿಮೆಯನ್ನು ಲೆಕ್ಕಹಾಕಿ ತೆಗೆದುಕೊಂಡಳು, ಹೆಚ್ಚಿಗೆ ಕೊಟ್ಟದ್ದನ್ನು ಮರಳಿಸಿದಳು. ಕಾಯಕವೆಂದರೆ ಇದು ಎಂದು ನಮಗೆ ಅನಿಸಿತು.

ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ ತಮ್ಮಲ್ಲಿ ನಮ್ಮದೊಂದು ವಿನಂತಿ. ತಮ್ಮ ಮನೆಯ ಗಣಕ ಇಂದು ಚೆನ್ನಾಗಿ ಎದ್ದಿದ್ದರೆ, ನಾಳೆಗೆ ಕಾಯದೆ, ಮತ್ತೆ ದೊರೆಯದಂಥ ಕಡತಗಳ ಒಂದು ಪ್ರತಿಯನ್ನು ಇಂದೇ ಬೇರೆ ಕಡೆ ಇಡಿರಿ.